ಎಲ್‌ಇಡಿ ಹಾಕಿದರೂ ರಸ್ತೆ ಕಾಣದು, ಯಾಕೆ?

ಪ್ರಶ್ನೆ: ಹಳೆಯ ಕಾರಿನ ಎಚ್4 ಹ್ಯಾಲೊಜೆನ್ ಬಲ್ಬ್ ತೆಗೆಸಿ ಎಲ್‌ಇಡಿ ಹಾಕಿಸಿದೆ. ಬೆಳಕೇನೋ ಬೆಳ್ಳಗೆ ಜೋರಾಗಿದೆ, ಆದರೆ ದೂರದ ರಸ್ತೆ ಮೊದಲಿಗಿಂತ ಮಂಕು. ಎದುರಿನವರು ಡಿಪ್ಪರ್ ಹೊಡೆಯುತ್ತಾರೆ.
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ದೀಪದ ರಿಫ್ಲೆಕ್ಟರ್, ಅಂದರೆ ಬಲ್ಬಿನ ಹಿಂದಿನ ಕನ್ನಡಿಯಂಥ ಬಟ್ಟಲು, ರೂಪಿಸಿರುವುದು ಸಣ್ಣ ಫಿಲಮೆಂಟ್‌ಗಾಗಿ (ಬಲ್ಬಿನೊಳಗೆ ಉರಿಯುವ ತಂತಿ). ಎಚ್4 ಒಳಗೆ ಎರಡಿವೆ: ಹೈಬೀಮ್‌ಗೆ 60 ವ್ಯಾಟ್, ಲೋಬೀಮ್‌ಗೆ 55. ಲೋಬೀಮ್ ಫಿಲಮೆಂಟ್‌ನ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಗೋಡೆಯ ಮೇಲೆ ಬೆಳಕಿನ ಅಂಚು ಗೆರೆ ಎಳೆದಂತೆ ಕಾಣುವುದು ಅದರಿಂದಲೇ. ಎಲ್‌ಇಡಿ ಚಿಪ್ಪುಗಳು ಕೂರುವುದು ಪಟ್ಟಿಯ ಎರಡು ಬದಿಗೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಸಾಕು, ಬೆಳಕು ಬಾನೆಟ್ ಮುಂದೆಯೇ ಚೆಲ್ಲಿಹೋಗುತ್ತದೆ, ಉಳಿದದ್ದು ಎದುರಿನವರ ಕಣ್ಣಿಗೆ. ಹತ್ತಿರದ ರಸ್ತೆ ಅತಿಯಾಗಿ ಹೊಳೆದರೆ ಕಣ್ಣು ಅದಕ್ಕೇ ಒಗ್ಗಿಕೊಂಡು ದೂರದ್ದು ಇನ್ನಷ್ಟು ಕತ್ತಲಾಗುತ್ತದೆ.

ಮತ್ತೆ ಒಳ್ಳೆಯ 60/55 ಬಲ್ಬ್ ಹಾಕಿ, ಗಾಜನ್ನು ಬರಿಗೈಲಿ ಮುಟ್ಟಬೇಡಿ. ಆಮೇಲೆ ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗಲೇ ಬಲ್ಬಿನ ಹೋಲ್ಡರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದು ಇಲ್ಲಿ 12.3 ಬಂದರೆ ಮಿಕ್ಕಿದ್ದನ್ನು ಹಳೆಯ ವೈರು, ಸ್ವಿಚ್ಚು ನುಂಗಿವೆ ಎಂದರ್ಥ. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ! ಎರಡು ರಿಲೇ (ದೀಪಕ್ಕೆ ಬ್ಯಾಟರಿಯಿಂದಲೇ ನೇರ ಕರೆಂಟ್ ಕೊಡುವ ಸ್ವಿಚ್ಚು), 2.5 ಚದರ ಮಿ.ಮೀ. ತಾಮ್ರದ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ತುಕ್ಕು ಉಜ್ಜಿದ ಗಟ್ಟಿ ಅರ್ಥಿಂಗ್: ಇಷ್ಟಕ್ಕೇ ಹಳೆಯ ದೀಪ ಹೊಸದಾಗುತ್ತದೆ. ಅದನ್ನು ಬಿಟ್ಟು 100/90 ಬಲ್ಬ್ ಹಾಕಿಸಿದರೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಹೊಗೆ ಹಿಡಿದಂತಾಗುತ್ತದೆ.

ಕೊನೆಗೆ ಕೋನ. ಸಮತಟ್ಟಾದ ನೆಲದಲ್ಲಿ, ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ. ಲೋಬೀಮ್ ಅಂಚು ದೀಪದ ನಡುಮಟ್ಟಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿರಲಿ. ಅಳೆಯುವಾಗ ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ.

ಪ್ರಶ್ನೆ: ಹ್ಯಾಲೊಜೆನ್, ಎಚ್‌ಐಡಿ (ಫಿಲಮೆಂಟ್ ಇಲ್ಲದೆ ಅನಿಲದಲ್ಲಿ ಹೊತ್ತುವ ದೀಪ), ಕಂಪನಿಯ ಎಲ್‌ಇಡಿ: ಯಾವುದು ಮೇಲು?
– ಓದುಗರು, ಮೂಡಿಗೆರೆ

ಉತ್ತರ: ಬೆಳಕಿನ ಲೆಕ್ಕದಲ್ಲಿ ಎಚ್4 ಲೋಬೀಮ್ ಸುಮಾರು 1,000 ಲ್ಯೂಮೆನ್, 35 ವ್ಯಾಟ್‌ನ ಡಿ2ಎಸ್ ಮಾದರಿಯ ಎಚ್‌ಐಡಿ 3,200. ಆದರೆ ಎಚ್‌ಐಡಿ ಪೂರ್ತಿ ಬೆಳಗಲು ಕೆಲವು ಸೆಕೆಂಡ್ ಬೇಕು, ಹೊತ್ತಿಸುವಾಗ 20,000 ವೋಲ್ಟ್ ದಾಟುತ್ತದೆ. ಮನೆಯಲ್ಲಿ ಬಿಚ್ಚುವ ಕೆಲಸವಲ್ಲ. ಹೊಸ ಕಾರು ಕೊಳ್ಳುವುದಾದರೆ ಕಂಪನಿಯ ಎಲ್‌ಇಡಿ ಪ್ರೊಜೆಕ್ಟರ್‌ಗೇ (ಮುಂದೆ ಲೆನ್ಸ್ ಇರುವ ದೀಪ) ನಮ್ಮ ಮತ. ಕೆಟ್ಟರೆ ಎಷ್ಟೋ ಮಾದರಿಗಳಲ್ಲಿ ಇಡೀ ದೀಪವನ್ನೇ ಬದಲಿಸಬೇಕು, ಬೆಲೆ ಮೊದಲೇ ಕೇಳಿಕೊಳ್ಳಿ. ಚಾರ್ಮಾಡಿಯ ಮಂಜಿನಲ್ಲಿ ಮಾತ್ರ ಯಾವುದೇ ಇರಲಿ, ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಲೋಬೀಮ್, ಜೊತೆಗೆ ತಗ್ಗಿನಲ್ಲಿರುವ ಫಾಗ್‌ಲ್ಯಾಂಪ್, ಅಷ್ಟೇ.