ಸ್ಟುಟ್‌ಗಾರ್ಟಿನ ಸಭೆಯಲ್ಲಿ ನಮಗೂ ಸೇವೆ ಉಂಟೇ? – ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ನಗರವನ್ನೊಳಗೊಂಡ ವುರ್ಟೆಂಬರ್ಗ್ ಪ್ರಾಂತೀಯ ಸಭೆಯು 15 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಲೂಥರನ್ (ಪ್ರೊಟೆಸ್ಟಂಟ್) ಕ್ರೈಸ್ತ ಸಭೆ, ಅಂದರೆ ಚರ್ಚ್. ಉದ್ಯೋಗಕ್ಕೋ ಓದಿಗೋ ಆ ಭಾಗಕ್ಕೆ ಹೋಗಿರುವ, ಹೋಗಲಿರುವ ಕನ್ನಡಿಗರು ಅಲ್ಲಿನ ಸಭಾಸೇವೆಯ ಕುರಿತು ಕೇಳಿರುವ ಪ್ರಶ್ನೆಗಳಿಗೆ, ಆ ಸಭೆಗಳ ಒಳಹೊರಗನ್ನು ಬಲ್ಲ ಸಭಾಪಾಲಕರೊಬ್ಬರು ಈ ಬಾರಿ ಉತ್ತರಿಸಿದ್ದಾರೆ.

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾವು ಉಡುಪಿ ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕುಟುಂಬದವರು. ಪತಿಯ ಉದ್ಯೋಗದ ಕಾರಣ ಸ್ಟುಟ್‌ಗಾರ್ಟ್ ಸಮೀಪದ ಊರಿನಲ್ಲಿ ನೆಲೆಸಿದ್ದೇವೆ. ಊರಿನಲ್ಲಿ ನಾನು ಸಂಡೇ ಸ್ಕೂಲ್ ಶಿಕ್ಷಕಿಯಾಗಿದ್ದೆ, ಗಾಯನ ಮಂಡಳಿಯಲ್ಲಿಯೂ ಇದ್ದೆ. ಇಲ್ಲಿ ತಪ್ಪದೆ ಆರಾಧನೆಗೆ ಹೋಗುತ್ತೇವೆ. ಎಲ್ಲರೂ ನಗುತ್ತಾರೆ, ಕೈ ಕುಲುಕುತ್ತಾರೆ, ಹೊರಟುಹೋಗುತ್ತಾರೆ. ಯಾವ ಕೆಲಸಕ್ಕೂ ಯಾರೂ ಕರೆದಿಲ್ಲ. ನನ್ನ ಜರ್ಮನ್ ಬಿ1 ಹಂತದಲ್ಲಿದೆ (ಅಂದರೆ ಮಧ್ಯಮ ಮಟ್ಟ), ಹನ್ನೊಂದು ವರ್ಷದ ಮಗನಿದ್ದಾನೆ. ನಾನು ಯಾವ ಸೇವೆಗೆ, ಹೇಗೆ ಸೇರಬಹುದು?

ಉತ್ತರ: ಸಹೋದರಿ, ಯಾರೂ ಕರೆಯಲಿಲ್ಲವೆಂದ ಮಾತ್ರಕ್ಕೆ ನೀವು ಅವರಿಗೆ ಬೇಡವಾಗಿದ್ದೀರಿ ಎಂದು ದಯವಿಟ್ಟು ಭಾವಿಸಬೇಡಿ. ನಮ್ಮ ಕಡೆ ಸಭೆಗೆ ಹೊಸ ಕುಟುಂಬ ಬಂದರೆ ಸ್ತ್ರೀಯರ ಅನ್ಯೋನ್ಯ ಕೂಟದವರು ಮನೆಗೇ ಬಂದು, ಕಾಫಿ ಕುಡಿದು, ಮುಂದಿನ ವಾರದ ಕೆಲಸವನ್ನೂ ಒಪ್ಪಿಸಿಯೇ ಹೋಗುತ್ತಾರೆ. ಅಲ್ಲಿಯವರಿಗೆ ಹಾಗೆ ಕೇಳಲು ಸಂಕೋಚ. ಇನ್ನೊಬ್ಬರ ಬಿಡುವಿನ ವೇಳೆಯ ಮೇಲೆ ತಮಗೆ ಹಕ್ಕಿಲ್ಲವೆಂದು ಅವರು ಪ್ರಾಮಾಣಿಕವಾಗಿ ನಂಬುತ್ತಾರೆ. ಆದ್ದರಿಂದ ಮೊದಲ ಹೆಜ್ಜೆಯನ್ನು ನೀವೇ ಇಡಬೇಕು, ಮತ್ತು ಅದನ್ನು ಆರಾಧನೆ ಮುಗಿದ ಗಡಿಬಿಡಿಯಲ್ಲಿ ಸಭಾಪಾಲಕರ ಮುಂದೆ ಇಡುವುದಕ್ಕಿಂತ ವಾರದ ನಡುವೆ ಸಭಾ ಕಚೇರಿಯಲ್ಲಿ ಇಡುವುದು ಒಳ್ಳೆಯದು. ಕಚೇರಿ ತೆರೆದಿರುವುದು ವಾರದಲ್ಲಿ ಕೆಲವೇ ಗಂಟೆ. ಆದರೆ ಅಲ್ಲಿ ಕುಳಿತಿರುವ ಕಾರ್ಯದರ್ಶಿಗೆ ಯಾವ ಗುಂಪಿಗೆ ಜನ ಸಾಲದು, ಯಾರು ಯಾವಾಗ ಸೇರುತ್ತಾರೆ ಎಂಬುದೆಲ್ಲ ಗೊತ್ತಿರುತ್ತದೆ. ‘ಏನಾದರೂ ಸಹಾಯ ಬೇಕೇ’ ಎಂದು ಕೇಳಿದರೆ ‘ತುಂಬ ಸಂತೋಷ, ತಿಳಿಸುತ್ತೇವೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ತಿಂಗಳಿಗೆ ಎರಡು ಭಾನುವಾರ ನನಗೆ ಬಿಡುವಿದೆ, ಊರಿನಲ್ಲಿ ಮಕ್ಕಳಿಗೆ ಬೈಬಲಿನ ವೇದಪಾಠ ಕಲಿಸಿದ್ದೇನೆ, ಇಲ್ಲಿ ಆ ತಂಡದವರನ್ನು ಕಾಣಬೇಕು’ ಎಂದರೆ ಕಾರ್ಯದರ್ಶಿ ಕೂಡಲೇ ಒಂದು ಹೆಸರು, ಒಂದು ದಿನ ಬರೆದುಕೊಡುತ್ತಾರೆ.

ನಿಮಗೆ ನಾನು ಮೊದಲು ಸೂಚಿಸುವುದು ಮಕ್ಕಳ ಆರಾಧನೆಯನ್ನೇ. ವುರ್ಟೆಂಬರ್ಗಿನಲ್ಲಿ ಅದನ್ನು ಕಿಂಡರ್‌ಕಿರ್ಷೆ ಎನ್ನುತ್ತಾರೆ. ಭಾನುವಾರ ಮಕ್ಕಳ ಎದುರಿಗೆ ನಿಲ್ಲುವ ಮುನ್ನ ತಂಡದವರು ಒಂದು ಸಂಜೆ ಯಾರದಾದರೂ ಮನೆಯಲ್ಲೋ ಸಭಾಭವನದಲ್ಲೋ ಕೂಡಿ, ಆ ವಾರದ ವೇದಭಾಗವನ್ನು ಓದಿ, ಕಥೆ ಹೇಳುವವರು ಯಾರು, ಹಾಡಿಸುವವರು ಯಾರು, ಕಾಗದ–ಕತ್ತರಿಯ ಕೆಲಸ ಯಾರದು ಎಂದು ಹಂಚಿಕೊಳ್ಳುತ್ತಾರೆ. ಮೊದಲ ಕೆಲವು ತಿಂಗಳು ಕತ್ತರಿಯ ಕೆಲಸವನ್ನೂ ಹಾಡನ್ನೂ ನೀವು ವಹಿಸಿಕೊಳ್ಳಿ. ನಿಮ್ಮ ಜರ್ಮನ್ ವ್ಯಾಕರಣವನ್ನು ದೊಡ್ಡವರು ತಿದ್ದಲು ಹಿಂಜರಿಯುತ್ತಾರೆ, ಮಕ್ಕಳು ತಿದ್ದಿ ಮುಂದೆ ಸಾಗುತ್ತಾರೆ. ಬಿ1 ಹಂತದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆದರೆ ಮಕ್ಕಳ ನಡುವೆ ಕೆಲಸ ಮಾಡುವವರಿಂದ ಪೊಲೀಸ್ ದಾಖಲೆ ಸ್ವಚ್ಛವಾಗಿದೆ ಎಂಬ ವಿಸ್ತೃತ ಪ್ರಮಾಣಪತ್ರವನ್ನು ಕೇಳುತ್ತಾರೆ. ಇದನ್ನು ನಿಮ್ಮ ಮೇಲಿನ ಸಂಶಯವೆಂದು ತಿಳಿದು ನೊಂದುಕೊಳ್ಳಬೇಡಿ. ಅಲ್ಲಿ ಹುಟ್ಟಿ ಬೆಳೆದವರೂ ಇದನ್ನು ಕೊಡಲೇಬೇಕು. ಮಕ್ಕಳ ಸುರಕ್ಷತೆಗೆ ಇದು ಅತ್ಯಗತ್ಯ. ಸಭೆಯಿಂದ ಒಂದು ಪತ್ರ ಪಡೆದು ನಗರ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸ್ವಯಂಸೇವಕರಿಗೆ ಶುಲ್ಕವಿಲ್ಲದೆ ಸಿಗುತ್ತದೆ.

ಗಾಯನ ಮಂಡಳಿಯ ವಿಷಯದಲ್ಲಿ ನೀವು ಅಂಜಬೇಕಾದ್ದೇ ಇಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ನಮ್ಮ ಕರಾವಳಿಯ ಸಭೆಗಳಲ್ಲಿ ಕನ್ನಡ, ತುಳು ಪದಗಳಿಗೆ ಹಾಡುತ್ತ ಬಂದಿರುವ ಎಷ್ಟೋ ರಾಗಗಳು ಜರ್ಮನ್ ಸಭಾಗೀತೆಗಳ ರಾಗಗಳೇ. ಗೋಡೆಯ ಹಲಗೆಯ ಮೇಲಿನ ಸಂಖ್ಯೆ ನೋಡಿ ಪುಸ್ತಕ ತೆರೆದಾಗ ಮಾತು ಹೊಸದೆನಿಸಿದರೂ, ಆರ್ಗನ್ ಮೊದಲ ಸಾಲು ನುಡಿಸುತ್ತಲೇ ನಿಮ್ಮ ಅಜ್ಜಿ ಹಾಡುತ್ತಿದ್ದ ಹಾಡು ಅದೆಂದು ಗೊತ್ತಾಗುವ ಸಂದರ್ಭ ಖಂಡಿತ ಬರುತ್ತದೆ. ಅದನ್ನು ಮಂಡಳಿಯವರಿಗೆ ಹೇಳಿ, ಕನ್ನಡದಲ್ಲಿ ಒಂದು ಚರಣ ಹಾಡಿ ತೋರಿಸಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಅದೇ ವುರ್ಟೆಂಬರ್ಗಿನ ಬ್ರಾಕೆನ್‌ಹೈಮಿನವರು, ಟ್ಯೂಬಿಂಗೆನ್ನಿನಲ್ಲಿ ಓದಿದವರು. ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಟ್ಯೂಬಿಂಗೆನ್ನಿನಲ್ಲಿಯೇ. ಇದು ಅಲ್ಲಿನ ಸಭಾಸ್ಥರಲ್ಲಿ ಬಹಳ ಮಂದಿಗೆ ತಿಳಿಯದು, ತಿಳಿದಾಗ ಅವರಿಗಾಗುವ ಸಂತೋಷ ನಿಜವಾದದ್ದು. ನಿಮ್ಮ ಮಗನನ್ನು ಕಹಳೆಗಾರರ ಮೇಳಕ್ಕೆ, ಅಂದರೆ ಪೊಸೌನೆನ್‌ಕೋರ್‌ಗೆ ಸೇರಿಸಿ. ಹನ್ನೊಂದು ವರ್ಷ ಅದಕ್ಕೆ ತಕ್ಕ ವಯಸ್ಸು. ಹಲವು ಸಭೆಗಳಲ್ಲಿ ವಾದ್ಯವನ್ನು ಎರವಲು ಕೊಟ್ಟು ಹಿರಿಯ ವಾದಕರೇ ಕಲಿಸುತ್ತಾರೆ, ಮತ್ತು ಅಜ್ಜ–ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ನುಡಿಸುವ ಆ ಮೇಳದಲ್ಲಿ ಅವನಿಗೆ ಸಭೆ ತನ್ನದೆನಿಸುತ್ತದೆ.

ಚಳಿಗಾಲದಲ್ಲಿ ಒಂದು ವಾರವಾದರೂ ವೆಸ್ಪರ್‌ಕಿರ್ಷೆಗೆ, ಅಂದರೆ ದೇವಾಲಯದಲ್ಲಿ ನಡೆಯುವ ಊಟದ ಸೇವೆಗೆ, ಕೊಡಿ ಎಂದು ನಾನು ಒತ್ತಾಯಿಸುತ್ತೇನೆ. ಸ್ಟುಟ್‌ಗಾರ್ಟ್ ನಗರದ ನಡುವಿನ ಹಳೆಯ ಲಿಯೊನ್‌ಹಾರ್ಡ್ ದೇವಾಲಯವು 1995ರಿಂದ ಪ್ರತಿ ವರ್ಷ ಜನವರಿಯಿಂದ ಮಾರ್ಚಿನವರೆಗೆ ಸುಮಾರು ಏಳು ವಾರ ಬಡವರ, ಮನೆಯಿಲ್ಲದವರ, ಒಂಟಿಯಾಗಿರುವವರ ಊಟದ ಮನೆಯಾಗುತ್ತದೆ. ದೇವಾಲಯದೊಳಗೇ ಮೇಜು ಹಾಕಿ, ಅತ್ಯಲ್ಪ ಹಣಕ್ಕೆ ಬಿಸಿಯೂಟ ಬಡಿಸುತ್ತಾರೆ. ಹೊರಡುವಾಗ ಕೈಗೆ ಕೊಡಲು ಬ್ರೆಡ್ಡಿನ ಪೊಟ್ಟಣ ಕಟ್ಟುತ್ತಾರೆ. ವೈದ್ಯರು ಬಂದು ನೋಡುತ್ತಾರೆ, ಕ್ಷೌರಿಕರು ಕೂದಲು ಕತ್ತರಿಸುತ್ತಾರೆ, ಬೀದಿಯಲ್ಲಿ ಬದುಕುವವರ ನಾಯಿಗಳಿಗೂ ಪಶುವೈದ್ಯರ ನೆರವು ಸಿಗುತ್ತದೆ. ಇದನ್ನು ನಡೆಸುವುದು ನೂರಾರು ಸ್ವಯಂಸೇವಕರು. ಅಲ್ಲಿ ತಟ್ಟೆ ಇಡುವುದಕ್ಕಿಂತ ಮುಖ್ಯವಾದ ಕೆಲಸವೆಂದರೆ, ತಟ್ಟೆ ಇಟ್ಟ ಮೇಲೆ ಒಂದು ನಿಮಿಷ ನಿಂತು ಅವರ ಮುಖ ನೋಡಿ ಮಾತನಾಡುವುದು. ನಿಮ್ಮ ಬಿ1 ಜರ್ಮನ್ ಅದಕ್ಕೆ ಸಾಕು. ಆಹಾರ ಮುಟ್ಟುವವರಿಗೆ ಶುಚಿತ್ವದ ನಿಯಮಗಳನ್ನು ಮೊದಲೇ ತಿಳಿಸಿಕೊಡುತ್ತಾರೆ. ಹೆಸರು ನೋಂದಾಯಿಸಲು ಡಿಸೆಂಬರ್ ಕೊನೆಯವರೆಗೆ ಕಾಯಬೇಡಿ. ಇಂಥ ಊಟದ ಮನೆಗಳು ಈಗ ಇತರ ಊರುಗಳಲ್ಲೂ ಇವೆ, ನಿಮ್ಮ ಹತ್ತಿರವೇ ಇದೆಯೇ ಎಂದು ವಿಚಾರಿಸಿ.

ವೃದ್ಧರ ಹುಟ್ಟುಹಬ್ಬಕ್ಕೆ ಸಭೆಯ ಪರವಾಗಿ ಮನೆಗೆ ಹೋಗಿ ಬರುವ ತಂಡ, ಸಭಾಪತ್ರಿಕೆಯನ್ನು ಬೀದಿಬೀದಿಗೆ ಹಂಚುವ ಕೆಲಸ, ಅಕ್ಟೋಬರ್ ಮೊದಲ ವಾರದ ಬೆಳೆಹಬ್ಬಕ್ಕೆ ಕುಂಬಳಕಾಯಿ, ಸೇಬು, ತೆನೆಗಳಿಂದ ವೇದಿಕೆ ಸಿಂಗರಿಸುವುದು, ಇವೆಲ್ಲ ಸುಲಭವಾಗಿ ದೊರೆಯುವ ಸೇವೆಗಳು. ಫೋನಿನಲ್ಲಿ ಸಂಕಟ ಕೇಳಿಸಿಕೊಳ್ಳುವ ಟೆಲಿಫೋನ್ ಸಾಂತ್ವನ ಸೇವೆಯನ್ನು ಮಾತ್ರ ಈಗ ಮುಟ್ಟಬೇಡಿ. ಅದಕ್ಕೆ ದೀರ್ಘ ತರಬೇತಿ ಬೇಕು, ಜೊತೆಗೆ ಅಳುತ್ತಿರುವವರ ಅರ್ಧ ಮಾತಿನಿಂದಲೇ ಪೂರ್ಣ ಅರ್ಥ ಹಿಡಿಯುವಷ್ಟು ಭಾಷೆ ಬೇಕು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು ಬೇರೆಯೇ ಇದೆ. ಹೊರಗಿನಿಂದ ಬಂದ ಸಭಾಸ್ಥರು ಸಾಮಾನ್ಯವಾಗಿ ಅಡುಗೆಮನೆಯಲ್ಲಿಯೇ ಉಳಿದುಬಿಡುತ್ತಾರೆ. ಸಭಾಕೂಟಕ್ಕೆ ಸಮೋಸ ಮಾಡಿಕೊಡಿ ಎನ್ನುತ್ತಾರೆ, ಮಾಡಿಕೊಡುತ್ತೇವೆ, ಹೊಗಳುತ್ತಾರೆ, ಅಲ್ಲಿಗೆ ಹತ್ತು ವರ್ಷ ಕಳೆಯುತ್ತದೆ. ಸಮೋಸ ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಪ್ರತಿ ಸಭೆಯನ್ನು ಸಭಾಪಾಲಕರೊಡನೆ ಸೇರಿ ನಡೆಸುವುದು ಸಭಾಸ್ಥರು ಚುನಾಯಿಸಿದ ಸಮಿತಿ. ನಮ್ಮ ಸಭಾ ಪರಿಪಾಲನಾ ಸಮಿತಿಯಂತೆಯೇ ಹಣ, ಕಟ್ಟಡ, ಆರಾಧನೆಯ ವೇಳೆ ಎಲ್ಲವೂ ಅದರ ತೀರ್ಮಾನ. 14 ವರ್ಷ ತುಂಬಿದ ಸದಸ್ಯರಿಗೆ ಮತವಿದೆ, 18 ತುಂಬಿದವರು ನಿಲ್ಲಬಹುದು, ಜರ್ಮನ್ ಪೌರತ್ವದ ಷರತ್ತಿಲ್ಲ. ಇಡೀ ಪ್ರಾಂತದ ಮಹಾಸಭೆಗೂ ಸಭಾಸ್ಥರೇ ನೇರವಾಗಿ ಮತ ಹಾಕುತ್ತಾರೆ. ಜರ್ಮನಿಯ ಬೇರೆ ಯಾವ ಪ್ರಾಂತೀಯ ಸಭೆಯಲ್ಲೂ ಈ ಪದ್ಧತಿ ಇಲ್ಲ. ಅದರಲ್ಲಿ 60 ಸ್ಥಾನಗಳು ಸಾಮಾನ್ಯ ಸಭಾಸ್ಥರಿಗೆ, 30 ದೈವಶಾಸ್ತ್ರ ಓದಿದವರಿಗೆ. ಅವಧಿ ಆರು ವರ್ಷ. 2025ರ ನವೆಂಬರ್ 30ರ ಚುನಾವಣೆಯ ನಂತರ ಇನ್ನೊಂದು ಬರುವಷ್ಟರಲ್ಲಿ ನಿಮ್ಮ ಜರ್ಮನ್ ಪಕ್ವವಾಗಿರುತ್ತದೆ, ಮಗನಿಗೂ ಮತದ ವಯಸ್ಸು ದಾಟಿರುತ್ತದೆ. ಸದಸ್ಯರ ಸಂಖ್ಯೆ ಇಳಿಯುತ್ತಿರುವ ಕಾರಣ ಅಲ್ಲಿ ಸಭಾಪಾಲಕರ ಹುದ್ದೆಗಳನ್ನು ಕಡಿಮೆ ಮಾಡುತ್ತಿದ್ದಾರೆ, ಸಭೆಗಳನ್ನು ಒಂದುಗೂಡಿಸುತ್ತಿದ್ದಾರೆ. ಯಾವ ದೇವಾಲಯ ಉಳಿಯಬೇಕು, ಯಾವುದನ್ನು ಬಿಡಬೇಕು ಎಂದು ಮಾತನಾಡುವ ಆ ಮೇಜಿನ ಬಳಿ ನಿಮ್ಮಂಥವರೂ ಕುಳಿತಿರಬೇಕು. ಅಲ್ಲಿಯವರೆಗೆ ಆ ಸಮಿತಿಯ ಸಾರ್ವಜನಿಕ ಬೈಠಕ್ಕುಗಳಿಗೆ ಹೋಗಿ ಕುಳಿತು ಕೇಳಿ.

ಪ್ರಶ್ನೆ: ಜರ್ಮನಿಗೆ ಬಂದು ವಿಳಾಸ ನೋಂದಾಯಿಸುವಾಗ ಗೆಳೆಯರ ಸಲಹೆಯಂತೆ ಧರ್ಮದ ಕಾಲಮಿನಲ್ಲಿ ಏನನ್ನೂ ಬರೆಸಲಿಲ್ಲ, ಬರೆಸಿದರೆ ಸಂಬಳದ ಶೇಕಡಾ 8ರಷ್ಟನ್ನು ಸಭೆಗೆ ಕಡಿಯುತ್ತಾರೆ ಎಂದಿದ್ದರು. ಈಗ ಅದು ಮನಸ್ಸಿಗೆ ಚುಚ್ಚುತ್ತಿದೆ. ಸದಸ್ಯನಾಗದೆ ಸೇವೆ ಮಾಡಬಹುದೇ?

ಉತ್ತರ: ನಿಮ್ಮ ಗೆಳೆಯರ ಲೆಕ್ಕ ತಪ್ಪು. ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ ಸಭಾ ತೆರಿಗೆ ಶೇಕಡಾ 8 ಇರುವುದು ಸಂಬಳದ ಮೇಲಲ್ಲ, ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ. ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ ಅದು 480 ಯೂರೋ, ಅಂದರೆ ತಿಂಗಳಿಗೆ 40. ಆದಾಯ ತೆರಿಗೆಯೇ ಇಲ್ಲದವರಿಗೆ ಇದೂ ಇಲ್ಲ. ಕಟ್ಟಿದ ಮೊತ್ತವನ್ನು ವಾರ್ಷಿಕ ತೆರಿಗೆ ಲೆಕ್ಕ ಕೊಡುವಾಗ ಕಳೆದು ತೋರಿಸಲೂ ಅವಕಾಶವಿದೆ. ಊರಿನಲ್ಲಿ ನಮ್ಮ ಹಿರಿಯರು ತಿಂಗಳ ಸಭಾ ಚಂದಾ, ಹರಕೆ, ಬೆಳೆಹಬ್ಬದ ಏಲಂ ಎಂದು ಕೊಡುತ್ತಿದ್ದುದನ್ನೆಲ್ಲ ಕೂಡಿಸಿ, ಆದಾಯಕ್ಕೆ ಹೋಲಿಸಿ ನೋಡಿ. ಇದು ಹೆಚ್ಚೆಂದು ನನಗೆ ತೋರುವುದಿಲ್ಲ.

ಸದಸ್ಯರಲ್ಲದವರಿಗೂ ಬಹುತೇಕ ಸೇವೆಗಳ ಬಾಗಿಲು ತೆರೆದಿದೆ. ಗಾಯನ ಮಂಡಳಿ, ವೆಸ್ಪರ್‌ಕಿರ್ಷೆ, ವೃದ್ಧರ ಭೇಟಿ ಇವುಗಳಿಗೆ ಯಾರೂ ನಿಮ್ಮ ತೆರಿಗೆ ಚೀಟಿ ಕೇಳುವುದಿಲ್ಲ. ಮತದಾನಕ್ಕೂ ಸಮಿತಿಗೂ ಮಾತ್ರ ಸದಸ್ಯತ್ವ ಬೇಕು. ಆದರೆ ನೀವು ಚುಚ್ಚುತ್ತಿದೆ ಎಂದಿದ್ದೀರಿ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಿಮ್ಮ ಬಡಾವಣೆಯ ಸಭಾಪಾಲಕರನ್ನು ಕಂಡು, ದೀಕ್ಷಾಸ್ನಾನದ ಪ್ರಮಾಣಪತ್ರವನ್ನೂ ಊರಿನ ಸಭೆಯ ಪತ್ರವನ್ನೂ ತೋರಿಸಿ, ನಡೆದದ್ದನ್ನು ಇದ್ದಂತೆಯೇ ಹೇಳಿ. ಇಂಥ ಮಾತುಕತೆ ಅವರಿಗೆ ಹೊಸದಲ್ಲ, ಯಾರೂ ನಿಮ್ಮನ್ನು ಗದರಿಸುವುದಿಲ್ಲ. ನೀವಿರುವುದು ಕಾರ್ಲ್ಸ್‌ರೂಹೆ ಅಥವಾ ಮಾನ್‌ಹೈಮ್ ಕಡೆಯಾದರೆ ಅಲ್ಲಿನದು ಬಾಡೆನ್ ಪ್ರಾಂತೀಯ ಸಭೆ. ರಾಜ್ಯ ಒಂದೇ ಆದರೂ ಸಭೆಗಳ ಗಡಿ ಹಳೆಯ ಅರಸೊತ್ತಿಗೆಗಳ ಕಾಲದ್ದು, ಆಡಳಿತವೂ ಪ್ರತ್ಯೇಕ.

ಪ್ರಶ್ನೆ: ನಾನು ಗದಗ–ಬೆಟಗೇರಿಯವನು, 22 ವರ್ಷ, ಸಮಾಜಕಾರ್ಯ ಪದವಿ ಮುಗಿಸಿದ್ದೇನೆ. ಜರ್ಮನಿಯ ಸಭೆಯಲ್ಲಿ ಒಂದು ವರ್ಷ ಸೇವೆ ಮಾಡುವ ಆಸೆ. ಏಜೆಂಟರೊಬ್ಬರು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ವಯಂಸೇವಾ ವರ್ಷವೆಂದರೆ ನೀವು ಹಣ ಕಟ್ಟಿ ಕೊಳ್ಳುವ ವಸ್ತುವಲ್ಲ. ಅಲ್ಲಿ ನಿಮಗೇ ಕೈಖರ್ಚಿಗೆ ಹಣ ಕೊಟ್ಟು, ಆರೋಗ್ಯ ವಿಮೆ ಮಾಡಿಸುತ್ತಾರೆ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಸ್ಟುಟ್‌ಗಾರ್ಟಿನಲ್ಲಿ ಕಚೇರಿಯಿರುವ ಇ.ಎಂ.ಎಸ್. ಎಂಬ ಸಭೆಗಳ ಒಕ್ಕೂಟದಲ್ಲಿ ವುರ್ಟೆಂಬರ್ಗ್ ಸಭೆಯೂ ನಮ್ಮ ಸಿ.ಎಸ್.ಐ. ಕೂಡ ಸದಸ್ಯರು. ಅಲ್ಲಿನ ಯುವಕರನ್ನು ಇಲ್ಲಿಗೂ, ಇಲ್ಲಿಯವರನ್ನು ಅಲ್ಲಿಗೂ ಕಳುಹಿಸುವ ಕಾರ್ಯಕ್ರಮ ಅದಕ್ಕಿದೆ. ಇದರಲ್ಲಿ ನಿಮ್ಮ ಸಭೆಯ ಶಿಫಾರಸು ಮುಖ್ಯ. ಆದ್ದರಿಂದ ಮೊದಲು ನಿಮ್ಮ ಸಭಾಪಾಲಕರನ್ನೂ, ಅವರ ಮೂಲಕ ಕರ್ನಾಟಕ ಉತ್ತರ ಸಭಾಪ್ರಾಂತದ ಕಚೇರಿಯನ್ನೂ ಕೇಳಿ. ಇನ್ನೊಂದು, ಡಿಯಾಕೊನಿ ಎಂಬ ಸಭೆಯ ಸಮಾಜಸೇವಾ ವಿಭಾಗವು ವೃದ್ಧಾಶ್ರಮ, ಅಂಗವಿಕಲರ ವಸತಿ, ಶಿಶುವಿಹಾರಗಳಲ್ಲಿ ನಡೆಸುವ ಸ್ವಯಂಸೇವಾ ಸಮಾಜ ವರ್ಷ. ಅದು 27 ವರ್ಷದೊಳಗಿನವರಿಗೆ, ಸಾಮಾನ್ಯವಾಗಿ ಹನ್ನೆರಡು ತಿಂಗಳದ್ದು. ಸಂಸ್ಥೆಯೊಂದಿಗೆ ಒಪ್ಪಂದವಾದ ಮೇಲಷ್ಟೇ ವೀಸಾ ಅರ್ಜಿ. ಅಷ್ಟರೊಳಗೆ ಜರ್ಮನ್ ಕಲಿಯಲು ಆರಂಭಿಸಿರಬೇಕು, ಏಕೆಂದರೆ ಬೆಳಿಗ್ಗೆ ಏಳು ಗಂಟೆಗೆ ವೃದ್ಧರೊಬ್ಬರನ್ನು ಹಾಸಿಗೆಯಿಂದ ಎಬ್ಬಿಸಿ, ಸ್ನಾನ ಮಾಡಿಸಿ, ಉಪಾಹಾರದ ಮೇಜಿಗೆ ಕರೆತರುವಾಗ ‘ನೋವಾಗುತ್ತಿದೆ’ ಎಂದು ಅವರು ಹೇಳಿದ್ದು ನಿಮಗೆ ತಿಳಿಯಲೇಬೇಕು. ಕೆಲಸ ಹೀಗೆ ಮೈಮುರಿಯುವಂಥದ್ದು, ಪದವಿಗೆ ತಕ್ಕ ಹುದ್ದೆಯಲ್ಲ, ಅಲ್ಲಿಯೇ ನೆಲೆಸಲು ರಹದಾರಿಯೂ ಅಲ್ಲ. ಇಷ್ಟನ್ನು ತಿಳಿದ ಮೇಲೂ ಹೋಗಬೇಕೆನಿಸಿದರೆ ಅವಶ್ಯ ಹೋಗಿ. ಸಮಾಜಕಾರ್ಯ ಓದಿದ ನಿಮಗೆ ಅಲ್ಲಿ ಕಲಿಯಲು ಬಹಳವಿದೆ.

ಪ್ರಶ್ನೆ: ನಾನು ಹಿಂದೂ, ಎಸ್ಲಿಂಗೆನ್ನಿನಲ್ಲಿ ಓದುತ್ತಿದ್ದೇನೆ. ನೀವು ಹಿಂದೊಮ್ಮೆ ಹೇಳಿದ್ದ ಚಳಿಗಾಲದ ಊಟದ ಸೇವೆಗೆ ನನ್ನಂಥವರು ಸೇರಬಹುದೇ? ಮತಾಂತರದ ಒತ್ತಾಯವಿರುತ್ತದೆಯೇ?

ಉತ್ತರ: ಸೇರಬಹುದು. ಬಡಿಸುವವರ ಧರ್ಮವನ್ನಾಗಲಿ ಉಣ್ಣುವವರ ಧರ್ಮವನ್ನಾಗಲಿ ಅಲ್ಲಿ ಕೇಳುವುದಿಲ್ಲ, ಒತ್ತಾಯವಂತೂ ಇಲ್ಲ. ದಿನದ ಕೆಲಸದ ನಡುವೆ ಕಿರು ಪ್ರಾರ್ಥನೆ ಇರುವುದುಂಟು, ಆ ಹೊತ್ತಿನಲ್ಲಿ ಸುಮ್ಮನೆ ನಿಂತಿದ್ದರೆ ಸಾಕು. ಮಾಂಸದ ಅಡುಗೆಯನ್ನು ಮುಟ್ಟಲಾರಿರಿ ಎಂದಾದರೆ ಮೊದಲೇ ಹೇಳಿ, ಬ್ರೆಡ್ ಕತ್ತರಿಸುವ, ಕಾಫಿ ಕೊಡುವ, ಮೇಜು ಒರೆಸುವ ಕೆಲಸಕ್ಕೆ ಹಾಕುತ್ತಾರೆ. ಪರೀಕ್ಷೆಯ ದಿನಗಳನ್ನು ನೋಡಿಕೊಂಡು, ಬರುತ್ತೇನೆಂದು ಒಪ್ಪಿದ ದಿನ ತಪ್ಪದೆ ಹೋಗಿ. ನೀವು ಬರಲಿಲ್ಲವೆಂದರೆ ಆ ಮೇಜಿಗೆ ಬೇರೆ ಕೈ ಇರುವುದಿಲ್ಲ.