ದಿನಕ್ಕೊಂದು ಫೋಟೋ ತೆಗೆದರೆ ಕೈ ಕುದುರುತ್ತದೆಯೇ?

ಕುದುರುತ್ತದೆ. ಆದರೆ ದಿನಕ್ಕೊಂದು ತೆಗೆದ ಮಾತ್ರಕ್ಕೇ ಅಲ್ಲ.

ನೀವು ಬರೆದಿರುವುದು ಇಷ್ಟು: ಎರಡು ತಿಂಗಳ ಹಿಂದೆ ಡಿಎಸ್ಎಲ್ಆರ್ ಕ್ಯಾಮೆರಾ ಕೊಂಡಿದ್ದೀರಿ, ಅದರ ಜೊತೆಗೇ ಬಂದ 18–55 ಎಂಎಂ ಲೆನ್ಸ್ ಇದೆ (ಎಂಎಂ ಸಂಖ್ಯೆ ಹೆಚ್ಚಿದಷ್ಟೂ ದೃಶ್ಯ ಬಿಗಿಯಾಗಿ, ಹತ್ತಿರ ಕಾಣುತ್ತದೆ), ಇನ್ನೂ ಆಟೋ ಮೋಡ್ ಬಿಟ್ಟು ಆಚೆ ಬಂದಿಲ್ಲ, ಕಚೇರಿ ಮುಗಿಸಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಗೆಳೆಯರೊಬ್ಬರು ವರ್ಷವಿಡೀ ದಿನಕ್ಕೊಂದು ಫೋಟೋ ತೆಗೆಯಿರಿ ಎಂದಿದ್ದಾರೆ. ಅದರಿಂದ ಉಪಯೋಗವಿದೆಯೇ, 50 ಎಂಎಂ ಲೆನ್ಸ್ ಈಗಲೇ ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಗೆಳೆಯರ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಕೊಂಡಿವೆ. ನ್ಯೂಯಾರ್ಕಿನಲ್ಲಿ ಜೇಮಿ ಲಿವಿಂಗ್‌ಸ್ಟನ್ ಎಂಬಾತ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ (ತೆಗೆದ ಕೂಡಲೇ ಅಚ್ಚಾಗಿ ಹೊರಬರುವ) ಚಿತ್ರ ತೆಗೆಯುತ್ತ ಹೋದ. 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೂ ಬಿಡಲಿಲ್ಲ. ಆರು ಸಾವಿರಕ್ಕೂ ಹೆಚ್ಚು ಚಿತ್ರಗಳು. ಗೆಳೆಯರು, ಊಟದ ಮೇಜು, ಬೀದಿ, ಕೊನೆಕೊನೆಗೆ ಆಸ್ಪತ್ರೆ. ಒಂದಾದ ಮೇಲೊಂದು ನೋಡುತ್ತ ಹೋದರೆ ಕರುಳು ಚುರುಕ್ ಎನ್ನುತ್ತದೆ. ಆದರೆ ಅದು ದಿನಚರಿ. ಅಲ್ಲಿ ಚಿತ್ರ ಚೆನ್ನಾಗಿ ಬಂತೇ ಎನ್ನುವುದಕ್ಕಿಂತ ಆ ದಿನ ಏನಾಯಿತು ಎನ್ನುವುದೇ ಮುಖ್ಯ. ನಿಮಗೆ ಬೇಕಾಗಿರುವುದು ದಿನಚರಿಯಲ್ಲ, ಸಾಧಕ, ಅಂದರೆ ಮತ್ತೆ ಮತ್ತೆ ಮಾಡುವ ಅಭ್ಯಾಸ. ಸಂಗೀತ ಪಾಠಕ್ಕೆ ಹೋದವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ. ಮಾಯಾಮಾಳವಗೌಳದ ಅದೇ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ರಾಗ ಅದೇ, ತಾಳ ಅದೇ, ಬದಲಾಗುವುದು ವೇಗ ಒಂದೇ. ಇಂದು ಬೆಕ್ಕು, ನಾಳೆ ಸೂರ್ಯಾಸ್ತ, ನಾಡಿದ್ದು ಕಾಫಿ ಲೋಟ ಎಂದು ತೆಗೆಯುತ್ತ ಹೋದರೆ ವರ್ಷದ ಕೊನೆಗೆ ನಿಮ್ಮ ಬಳಿ 365 ಫೋಟೋಗಳಿರುತ್ತವೆ. ಅವುಗಳಲ್ಲಿ ಯಾವುದು ಏಕೆ ಚೆನ್ನಾಗಿ ಬಂತು ಎಂಬುದು ಮಾತ್ರ ನಿಮಗೂ ಗೊತ್ತಿರುವುದಿಲ್ಲ.

ಹಾಗಾಗಿ ನನ್ನ ಸಲಹೆ: ಒಂದು ವಾರ ಒಂದೇ ವಸ್ತು, ದಿನಕ್ಕೆ ಒಂದೇ ಬದಲಾವಣೆ. ಎಷ್ಟು ಸಲ ಬೇಕಾದರೂ ಕ್ಲಿಕ್ಕಿಸಿ, ಆದರೆ ಮಲಗುವ ಮೊದಲು ಒಂದನ್ನು ಮಾತ್ರ ಉಳಿಸಿಕೊಳ್ಳಿ. ಯಾವುದನ್ನು ಬಿಡಬೇಕು ಎಂದು ತಲೆಕೆಡಿಸಿಕೊಳ್ಳುವ ಆ ಹತ್ತು ನಿಮಿಷದಲ್ಲೇ ಅರ್ಧ ಪಾಠ ಆಗಿಹೋಗುತ್ತದೆ.

ಕತ್ತಲಾಗಿರುತ್ತದೆ ಎಂಬ ಚಿಂತೆ ಬೇಡ. ಬೆಳಕನ್ನು ಕಲಿಯಲು ರಾತ್ರಿಯೇ ಒಳ್ಳೆಯದು ಎಂದು ನಾನು ಹೇಳುತ್ತೇನೆ, ಏಕೆಂದರೆ ರಾತ್ರಿ ಬೆಳಕು ನಿಮ್ಮ ಮಾತು ಕೇಳುತ್ತದೆ. ಸೂರ್ಯನನ್ನು ಎಡಕ್ಕೆ ಸರಿ ಎನ್ನಲಾಗುವುದಿಲ್ಲ, ಟೇಬಲ್ ಲ್ಯಾಂಪನ್ನು ಸರಿಸಬಹುದು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಚೊಂಬೊಂದಿದೆ. ಯಾರಾದರೂ ಕ್ಯಾಮೆರಾ ಕಲಿಸಿ ಎಂದು ಬಂದರೆ ಮೊದಲು ಅದನ್ನೇ ಮೇಜಿನ ಮೇಲಿಡುತ್ತೇನೆ. ಕೋಣೆಯ ದೀಪ ಆರಿಸಿ ಲ್ಯಾಂಪನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ಚೊಂಬು ಚಪ್ಪಟೆಯಾಗಿ, ಕ್ಯಾಲೆಂಡರಿನ ಚಿತ್ರದಂತೆ ಕಾಣುತ್ತದೆ. ಲ್ಯಾಂಪನ್ನು ಎಡಕ್ಕೆ, ಚೊಂಬಿನ ಮಟ್ಟಕ್ಕೇ ತನ್ನಿ. ಹೊಟ್ಟೆಯ ಮೇಲಿನ ಸುತ್ತಿಗೆ ಏಟಿನ ಗುರುತುಗಳು ಒಂದೊಂದೇ ಎದ್ದುಬರುತ್ತವೆ, ಕಂಠದ ಬಳಿಯ ನೆಗ್ಗು ಕಾಣಿಸುತ್ತದೆ, ಬಲಭಾಗ ಕತ್ತಲಿಗೆ ಜಾರುತ್ತದೆ. ಆ ಕತ್ತಲ ಕಡೆಗೆ ಒಂದು ಬಿಳಿ ಹಾಳೆ ನಿಲ್ಲಿಸಿದರೆ ನೆರಳೊಳಗಿನ ವಿವರ ಮೆಲ್ಲಗೆ ತೆರೆದುಕೊಳ್ಳುತ್ತದೆ. ಲ್ಯಾಂಪನ್ನು ಹಿಂದಕ್ಕೆ ಒಯ್ದರೆ ಅಂಚಿನ ಗೆರೆಯೊಂದೇ ಹೊಳೆಯುತ್ತದೆ. ಇನ್ನು ಲ್ಯಾಂಪಿನ ಮುಂದೆ ಹಳೆಯ ಬಿಳಿ ಪಂಚೆಯನ್ನು ಅಡ್ಡ ಹಿಡಿಯಿರಿ (ಬಲ್ಬಿಗೆ ತಾಗದಂತೆ, ದೂರದಲ್ಲಿ). ನೆರಳಿನ ಅಂಚು ಕರಗುತ್ತದೆ, ಏಕೆಂದರೆ ಈಗ ಬೆಳಕು ಬರುತ್ತಿರುವುದು ಪುಟ್ಟ ಬಲ್ಬಿನಿಂದಲ್ಲ, ಇಡೀ ಬಟ್ಟೆಯಿಂದ. ವಸ್ತುವಿಗೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ದೊಡ್ಡದೋ ನೆರಳು ಅಷ್ಟು ಮೃದು. ಮೋಡ ಕವಿದ ದಿನ ಮುಖಗಳು ಚೆನ್ನಾಗಿ ಬರುವುದೂ ಇದೇ ಕಾರಣಕ್ಕೆ. ಒಂದು ವಾರದ ಸಂಜೆಗಳಿಗೆ ಈ ಒಂದು ಚೊಂಬು ಸಾಕು.

ರಾತ್ರಿ ಮನೆಯೊಳಗೆ ತೆಗೆಯುವಾಗ ಹೊಸಬರನ್ನು ಕಾಡುವ ಇನ್ನೊಂದು ವಿಷಯವಿದೆ. ನಮ್ಮ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದು. ಅದರಿಂದ ಉರಿಯುವ ಹಳೆಯ ಬಗೆಯ ಟ್ಯೂಬ್‌ಲೈಟುಗಳು ಮತ್ತು ಅಗ್ಗದ ಎಲ್ಇಡಿ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಇದು ತಿಳಿಯುವುದಿಲ್ಲ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ, 1/500 ಸೆಕೆಂಡ್ ಇಟ್ಟರೆ ಕ್ಯಾಮೆರಾಗೆ ತಿಳಿಯುತ್ತದೆ: ಒಂದು ಚಿತ್ರ ಬೆಳ್ಳಗೆ, ಮತ್ತೊಂದು ಕಪ್ಪಗೆ, ಮಗದೊಂದರಲ್ಲಿ ಅಡ್ಡಪಟ್ಟೆಗಳು. ಕ್ಯಾಮೆರಾ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಗೆಂದು ತೀರಾ ಕೆಳಗಿಳಿದರೆ ಕೈ ನಡುಗಿ ಚಿತ್ರ ಕಲಸಿಹೋಗುತ್ತದೆ. ನಿಮ್ಮ ಲೆನ್ಸನ್ನು 55ಕ್ಕೆ ಎಳೆದಿದ್ದರೆ 1/80ರ ಆಸುಪಾಸು ಸುರಕ್ಷಿತ. ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ಕೆಳಗೆ ಹೋಗಬಹುದು, ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಓಡುವ ಮಗುವನ್ನಲ್ಲ. ಬೆಳಕು ಸಾಲದಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 1600 ಅಥವಾ 3200ಕ್ಕೆ ಏರಿಸಲು ಅಂಜಬೇಡಿ. ತುಸು ಕಾಳುಕಾಳಾದ ಚಿತ್ರವನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಅಲುಗಿದ ಚಿತ್ರವನ್ನು ಒಪ್ಪುವುದಿಲ್ಲ.

ಭಾನುವಾರದ ಹಗಲನ್ನು ಬೇರೆ ಪಾಠಕ್ಕೆ ಇಟ್ಟುಕೊಳ್ಳಿ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ಎದುರಿಗಿರುವುದೆಲ್ಲ ನಡುಮಟ್ಟದ ಬೂದುಬಣ್ಣ ಎಂದು ನಂಬಿಕೊಂಡೇ ಲೆಕ್ಕ ಹಾಕುತ್ತದೆ. ಚೌಕಟ್ಟು ತುಂಬ ಮಲ್ಲಿಗೆ ತುಂಬಿಸಿದರೆ ಹೂವು ಮಾಸಿದಂತೆ ಬರುತ್ತದೆ. ಚೌಕಟ್ಟು ತುಂಬ ಕರಿ ಎಮ್ಮೆಯಿದ್ದರೆ ಅದು ಬೂದಿಯಲ್ಲಿ ಹೊರಳಿ ಬಂದಂತೆ ಕಾಣುತ್ತದೆ. ಮಲ್ಲಿಗೆಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮಾಪಕದ ಲೆಕ್ಕವನ್ನು ನಾವೇ ತಿದ್ದುವ ವ್ಯವಸ್ಥೆ) ಒಂದು ಸ್ಟಾಪ್ ಹೆಚ್ಚಿಸಿ, ಎಮ್ಮೆಗೆ ಒಂದು ಸ್ಟಾಪ್ ಇಳಿಸಿ. ಒಂದು ಸ್ಟಾಪ್ ಏರಿದರೆ ಬೆಳಕು ದುಪ್ಪಟ್ಟು, ಇಳಿದರೆ ಅರ್ಧ. ಬೆಳಕನ್ನು ಹೆಚ್ಚಿಸುವುದು ಬಿಳಿ ವಸ್ತುವಿಗೆ ಎಂಬುದು ಮೊದಲು ತಲೆಕೆಳಗಾಗಿ ತೋರುತ್ತದೆ, ಎರಡು ಸಲ ಮಾಡಿ ನೋಡಿದರೆ ಮರೆಯುವುದಿಲ್ಲ. ಮೈಸೂರಿನಲ್ಲಿ ನಮ್ಮ ಬೀದಿ ತುದಿಯ ಹೂವಿನಂಗಡಿಯೇ ನನಗೆ ಈ ಪಾಠದ ಶಾಲೆ. ಅಂಗಡಿಯಾಕೆ ಈಗಲೂ ನನ್ನನ್ನು ಕಂಡರೆ "ಇವತ್ತೂ ಅದೇ ಹೂವೇ?" ಎಂದು ನಗುತ್ತಾರೆ. ಅಂದಹಾಗೆ, ಜನರ ಚಿತ್ರ ತೆಗೆಯುವುದಾದರೆ ಕೇಳಿ ತೆಗೆಯಿರಿ, ಆಮೇಲೆ ಒಂದು ಪ್ರಿಂಟ್ ಹಾಕಿಸಿ ಕೊಡಿ. ಮರುವಾರ ಅವರೇ ಕರೆಯುತ್ತಾರೆ.

ಬಿರುಬಿಸಿಲಿದ್ದಾಗ ಮಾಪಕವನ್ನೇ ನೋಡದೆ ತೆಗೆಯುವ ಹಳೆಯ ಸೂತ್ರವೊಂದಿದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್/16, ಶಟರ್ ವೇಗಕ್ಕೆ ಐಎಸ್ಒ ಸಂಖ್ಯೆಯನ್ನೇ ಭಿನ್ನರಾಶಿಯ ಕೆಳಗೆ ಹಾಕುವುದು: ಐಎಸ್ಒ 200 ಆದರೆ 1/200. ಫಿಲ್ಮಿನ ಕಾಲದವರಿಗೆ ಇದು ಬಾಯಿಪಾಠ. ಮ್ಯಾನುಯಲ್ ಮೋಡಿನ ಭಯ ಬಿಡಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ವಾರಕ್ಕೊಮ್ಮೆ ಉಳಿಸಿಕೊಂಡ ಏಳು ಚಿತ್ರಗಳನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಒಟ್ಟಿಗೆ ನೋಡಿ. ಕ್ಯಾಮೆರಾ ಪ್ರತಿ ಫೋಟೋದೊಳಗೆ ಶಟರ್, ಅಪರ್ಚರ್, ಐಎಸ್ಒ, ಲೆನ್ಸಿನ ಎಂಎಂ ಎಲ್ಲವನ್ನೂ ಬರೆದಿಟ್ಟಿರುತ್ತದೆ, ಅದನ್ನೂ ಓದಿ. ಪ್ರತಿಯೊಂದಕ್ಕೂ ಒಂದೇ ಸಾಲು ಬರೆಯಿರಿ: ಕಣ್ಣಿಗೆ ಚುಚ್ಚುವುದು ಏನು? ನನ್ನ ಹಳೆಯ ನೋಟ್‌ಪುಸ್ತಕ ತೆರೆದರೆ ಪುಟ ಪುಟದಲ್ಲೂ "ತಲೆಯ ಹಿಂದೆ ಕಂಬ", "ಮೂಲೆಯಲ್ಲಿ ಚಪ್ಪಲಿ", "ಇನ್ನೆರಡು ಹೆಜ್ಜೆ ಹತ್ತಿರ" ಇವೇ. ಬರೆದು ಬರೆದು ಬೇಸರ ಬಂದ ಮೇಲೆ ಕ್ಲಿಕ್ಕಿಸುವ ಮೊದಲೇ ಕಣ್ಣು ಮೂಲೆಗಳನ್ನು ತಡಕತೊಡಗಿತು. ಲೈಕುಗಳನ್ನು ನಂಬಿ ಇದನ್ನು ತೂಗಬೇಡಿ, ಅಲ್ಲಿ ನಾಯಿಮರಿಗೆ ಯಾವಾಗಲೂ ಗೆಲುವು.

ಇತರರ ಚಿತ್ರಗಳನ್ನು ನೋಡುವುದಾದರೆ ನಮ್ಮ ಟಿ.ಎಸ್. ಸತ್ಯನ್ (1923–2009) ಅವರಿಂದ ಆರಂಭಿಸಿ. ಮೈಸೂರಿನವರು, ಪತ್ರಿಕಾ ಛಾಯಾಗ್ರಾಹಕರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಹೆಚ್ಚಿನವರು ಹೆಸರಿಲ್ಲದ ಸಾಮಾನ್ಯ ಜನ, ಮಕ್ಕಳು. ಒಂದು ಚಿತ್ರ ಹಿಡಿದು ಬೆಳಕು ಎತ್ತ ಕಡೆಯಿಂದ ಬಂದಿದೆ, ತೆಗೆಯುವಾಗ ಸತ್ಯನ್ ನಿಂತಿದ್ದರೇ, ಕುಕ್ಕರಗಾಲಿನಲ್ಲಿ ಕೂತಿದ್ದರೇ ಎಂದು ಊಹಿಸಿ. ಬೆಂಗಳೂರಿನಲ್ಲಿದ್ದರೆ 1971ರಿಂದ ನಡೆದುಬಂದಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಕ್ಕೆ ಸೇರಬಹುದು. ಮನೆಯವರು ಚೆನ್ನಾಗಿದೆ ಎನ್ನುತ್ತಾರೆ, ಸಂಘದವರು ಏಕೆ ಚೆನ್ನಾಗಿಲ್ಲ ಎಂದು ಹೇಳುತ್ತಾರೆ.

ಒಂದು ದಿನ ತಪ್ಪಿತೋ, ತಪ್ಪಿತು. ಮರುದಿನ ಎರಡು ತೆಗೆದು ಲೆಕ್ಕ ಸರಿಮಾಡುವ ಗೋಜಿಗೆ ಹೋಗಬೇಡಿ. ಕ್ಯಾಮೆರಾ ಒಯ್ಯಲಾಗದ ದಿನ ಮೊಬೈಲ್ ಸಾಕು. ಹೆಚ್ಚಿನ ಮೊಬೈಲುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಆದರೆ ಬೆಳಕಿನ ದಿಕ್ಕು, ಚೌಕಟ್ಟಿನ ಮೂಲೆ ಇವಕ್ಕೆ ಯಾವ ಕ್ಯಾಮೆರಾ ಆದರೂ ಒಂದೇ.

ಇನ್ನು 50 ಎಂಎಂ ಎಫ್/1.8 ಲೆನ್ಸ್. ಒಳ್ಳೆಯ ಲೆನ್ಸ್, ಬೆಲೆಯೂ ಕೈಗೆಟುಕುವಂಥದ್ದು. 55ರ ತುದಿಯಲ್ಲಿ ನಿಮ್ಮ ಈಗಿನ ಲೆನ್ಸ್ ತೆರೆಯುವುದು ಎಫ್/5.6ರವರೆಗೆ ಮಾತ್ರ, ಇದು ಅದಕ್ಕಿಂತ ಮೂರು ಸ್ಟಾಪಿಗೂ ಹೆಚ್ಚು, ಅಂದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆದರೂ ಮೂರು ತಿಂಗಳು ತಡೆಯಿರಿ. ಆಮೇಲೆ ಉಳಿಸಿಕೊಂಡ ಚಿತ್ರಗಳಲ್ಲಿ ದಾಖಲಾಗಿರುವ ಎಂಎಂ ಸಂಖ್ಯೆಗಳನ್ನು ಸಾಲಾಗಿ ನೋಡಿ. ಹೆಚ್ಚಿನವು 45ರಿಂದ 55ರ ನಡುವೆ ಇದ್ದರೆ ಕಣ್ಣು ಮುಚ್ಚಿ ಕೊಳ್ಳಿ. 18ರಿಂದ 30ರ ಒಳಗೇ ಇದ್ದರೆ ಬೇಡ. ನಿಮ್ಮ ಕ್ಯಾಮೆರಾದ ಚಿಕ್ಕ ಸೆನ್ಸರಿನ (ಚಿತ್ರ ಹಿಡಿಯುವ ಫಲಕದ) ಮೇಲೆ 50 ಎಂಎಂ ಲೆನ್ಸ್ 75 ಅಥವಾ 80 ಎಂಎಂನಷ್ಟು ಬಿಗಿಯಾಗಿ ಕಾಣಿಸುತ್ತದೆ. ಮನೆಯೊಳಗೆ ನಾಲ್ವರನ್ನು ನಿಲ್ಲಿಸಿ ತೆಗೆಯಲು ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಅಂಥವರಿಗೆ 35 ಅಥವಾ 24 ಎಂಎಂ ಲೆನ್ಸೇ ಸರಿ.