ಬಾಟಲಿ ತನ್ನಿ, ಲೇಬಲ್ ಓದೋಣ: ಆ್ಯಂಟಿಆಕ್ಸಿಡೆಂಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ್ಯಂಟಿಆಕ್ಸಿಡೆಂಟ್ ಬಗ್ಗೆಯೇ ಇದ್ದವು. ದೇಹದಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್ ಎಂಬ ಕಣಗಳಿಂದ ಆಗುವ ಹಾನಿಯನ್ನು ತಡೆಯುವ ಪದಾರ್ಥಗಳಿಗೆ ಹೀಗೆ ಹೇಳುತ್ತಾರೆ. ಆಸ್ಪತ್ರೆಯ ನನ್ನ ಆಹಾರ ಸಲಹೆ ಕೋಣೆಗೆ ಬರುವವರೂ ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವ ಮಾತು, "ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ" ಅಂತ. ಹೆಸರು ನೋಡಿದರೆ ಸಾಲದು. ಒಳಗೆ ಏನಿದೆ, ಎಷ್ಟಿದೆ ಅಂತ ಓದಿದ ಮೇಲೇ ಮಾತು.

*

ನಮ್ಮ ಯಜಮಾನರಿಗೆ 62 ವರ್ಷ. ಬಹಳ ವರ್ಷ ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಮಗಳು ಅಮೆರಿಕದಿಂದ ಬರುವಾಗ ಆ್ಯಂಟಿಆಕ್ಸಿಡೆಂಟ್ ಗುಳಿಗೆ ತಂದಿದ್ದಾಳೆ. ಶ್ವಾಸಕೋಶ ಸ್ವಚ್ಛವಾಗುತ್ತದಂತೆ. ದಿನಾ ಕೊಡಬಹುದಾ ಮೇಡಂ?
— ಗೃಹಿಣಿ, ಚನ್ನರಾಯಪಟ್ಟಣ

ಅಮ್ಮಾ, ಬಾಟಲಿಯ ಹಿಂಬದಿಯಲ್ಲಿ "ಬೀಟಾ ಕೆರೋಟಿನ್" ಅಂತ ಇದೆಯಾ ನೋಡಿ. ಇದ್ದರೆ ಇವತ್ತೇ ನಿಲ್ಲಿಸಿ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಗಳಿಗೂ ಓದಿ ಹೇಳಿ.

ಹಳದಿ, ಕೇಸರಿ, ಹಸಿರು ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಬಹಳ ಹಿಂದೆಯೇ ಗಮನಿಸಿದ್ದರು. ಅದರಲ್ಲಿರುವ ಬೀಟಾ ಕೆರೋಟಿನ್ ಎಂಬ ಬಣ್ಣದ ಪದಾರ್ಥ ಒಂದನ್ನೇ ತೆಗೆದು ಗುಳಿಗೆ ಮಾಡಿ ಕೊಟ್ಟರೆ ಹೇಗೆ ಅನ್ನಿಸಿತು. ಫಿನ್‌ಲೆಂಡಿನಲ್ಲಿ 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಬೀಟಾ ಕೆರೋಟಿನ್ ಗುಂಪಿನವರು ದಿನಕ್ಕೆ 20 ಮಿಲಿಗ್ರಾಂ ತೆಗೆದುಕೊಂಡರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ಅದನ್ನು ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಆಗಿತ್ತು. ಅಮೆರಿಕದಲ್ಲೂ ಇಂಥದ್ದೇ ಪರೀಕ್ಷೆ ನಡೆಯುತ್ತಿತ್ತು. ಸೇದುವವರು, ಸೇದಿ ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು, ಹೀಗೆ ಒಟ್ಟು 18,314 ಜನ. ಅವರಿಗೆ ಬೀಟಾ ಕೆರೋಟಿನ್ ಜೊತೆ ವಿಟಮಿನ್ ಎ ಕೊಟ್ಟಿದ್ದರು. ಅಲ್ಲಿ ಕ್ಯಾನ್ಸರ್ 28% ಹೆಚ್ಚಿದ್ದು ಕಂಡು, 1996ರ ಜನವರಿಯಲ್ಲಿ ಅವಧಿಗೆ ಮೊದಲೇ ಗುಳಿಗೆ ನಿಲ್ಲಿಸಿದರು.

"ಇವರು ಬಿಟ್ಟಾಯಿತಲ್ಲ" ಅಂತ ನೀವು ಕೇಳಬಹುದು. ಆಮೇಲೆ ಕಣ್ಣಿನ ಕಾಯಿಲೆಗೆಂದು ನಡೆಸಿದ ಇನ್ನೊಂದು ದೊಡ್ಡ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಅಲ್ಲೂ ಬೀಟಾ ಕೆರೋಟಿನ್ ಗುಂಪಿನಲ್ಲೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು. ಹಾಗೆ ಆದವರಲ್ಲಿ ಬಹುಪಾಲು ಜನ ಹಿಂದೆ ಸೇದಿ ಬಿಟ್ಟವರು. ಅದಕ್ಕೇ ನಿಮ್ಮ ಯಜಮಾನರಿಗೆ ಇದು ಬೇಡ ಅನ್ನುತ್ತಿದ್ದೇನೆ.

ಕ್ಯಾರೆಟ್, ಸಿಹಿಗುಂಬಳ, ಪರಂಗಿಹಣ್ಣು, ನುಗ್ಗೆಸೊಪ್ಪು ಧಾರಾಳವಾಗಿ ಕೊಡಿ. ಊಟದ ಮೂಲಕ ಹೋಗುವ ಕೆರೋಟಿನ್‌ನಿಂದ ಈ ತೊಂದರೆ ಕಂಡಿಲ್ಲ. ತರಕಾರಿಯಲ್ಲಿ ಅದರ ಜೊತೆ ನಾರು, ವಿಟಮಿನ್ ಸಿ, ಇನ್ನೂ ನೂರಾರು ಪದಾರ್ಥಗಳು ಸಣ್ಣ ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಬೀಡಿ ಬಿಟ್ಟರಲ್ಲ, ಅವರ ಶ್ವಾಸಕೋಶಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಮಾತ್ರ ತಡ ಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ.

*

ಫ್ರೀ ರ‍್ಯಾಡಿಕಲ್ ಅಂದರೆ ದೇಹಕ್ಕೆ ವಿಷ ಅಂತ ಎಲ್ಲ ಕಡೆ ಹೇಳುತ್ತಾರೆ. ಹಾಗಾದರೆ ನಮ್ಮ ದೇಹವೇ ಅದನ್ನು ಯಾಕೆ ತಯಾರು ಮಾಡುತ್ತದೆ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿರಸಿ

ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀಯ.

ಊಟದಿಂದ ಶಕ್ತಿ ತೆಗೆಯುವ ಕೆಲಸ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ನಡೆಯುತ್ತದೆ ಅಂತ ಓದಿದ್ದೀಯಲ್ವಾ? ಅಲ್ಲಿ ಆಮ್ಲಜನಕ ಬಳಕೆಯಾಗುವಾಗ ಸ್ವಲ್ಪ ಭಾಗ ಅರ್ಧಂಬರ್ಧ ಬದಲಾಗಿ ಸೂಪರ್‌ಆಕ್ಸೈಡ್ ಆಗುತ್ತದೆ. ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡು, ಹತ್ತಿರ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ ಮೇಲೆ ಎರಗುವ ಇಂಥ ಕಣಗಳೇ ಫ್ರೀ ರ‍್ಯಾಡಿಕಲ್. ಆದರೆ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಇದನ್ನೇ ಬೇಕೆಂದೇ ತಯಾರಿಸುತ್ತವೆ. ಜೀವಕೋಶಗಳು ಒಂದಕ್ಕೊಂದು ಸೂಚನೆ ಕೊಡುವುದರಲ್ಲೂ ಇವುಗಳ ಪಾತ್ರ ಇದೆ. ಪೂರ್ತಿ ಇಲ್ಲದಂತೆ ಮಾಡಿದರೆ ನಾವು ಬದುಕುವುದೇ ಕಷ್ಟ.

ಅತಿಯಾಗದಂತೆ ನೋಡಿಕೊಳ್ಳುವ ಏರ್ಪಾಡನ್ನೂ ದೇಹವೇ ಮಾಡಿಕೊಂಡಿದೆ. ಒಂದು ಕಿಣ್ವ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1969ರಲ್ಲಿ. ಆಮೇಲೆ ಕೆಟಲೇಸ್ ಎಂಬ ಇನ್ನೊಂದು ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಇದನ್ನು ನೀನು ಕಣ್ಣಾರೆ ನೋಡಬಹುದು. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರನ್ನು ಕೇಳಿ, ಹಸಿ ಆಲೂಗಡ್ಡೆಯ ತುಂಡಿನ ಮೇಲೆ ಎರಡು ತೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹಾಕು. ಬುರುಬುರು ನೊರೆ ಬರುತ್ತದೆ. ಬೇಯಿಸಿದ ತುಂಡಿನ ಮೇಲೆ ಬರುವುದಿಲ್ಲ, ಶಾಖಕ್ಕೆ ಕಿಣ್ವ ಕೆಟ್ಟಿರುತ್ತದೆ.

ಕೆಂಪು ರಕ್ತಕಣದ ಕತೆ ಇನ್ನೂ ಚೆನ್ನಾಗಿದೆ. ಅದಕ್ಕೆ ಮೈಟೊಕಾಂಡ್ರಿಯಾ ಇಲ್ಲ, ಆದರೆ ದಿನವಿಡೀ ಆಮ್ಲಜನಕ ಹೊರುತ್ತದೆ. ದೇಹವೇ ತಯಾರಿಸುವ ಗ್ಲುಟಾಥಯೋನ್ ಎಂಬ ಆ್ಯಂಟಿಆಕ್ಸಿಡೆಂಟ್ ಅದನ್ನು ಕಾಪಾಡುತ್ತದೆ. ಗ್ಲುಟಾಥಯೋನನ್ನು ಮತ್ತೆ ಸಜ್ಜು ಮಾಡಲು ನೆರವಾಗುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಈ ಕಾವಲು ದುರ್ಬಲ. ಅಂಥವರಿಗೆ ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯಿಂದ ರಕ್ತಕಣಗಳು ಒಡೆದುಹೋಗಬಹುದು. ನಮ್ಮೊಳಗಿನ ಆ್ಯಂಟಿಆಕ್ಸಿಡೆಂಟ್ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಈ ಕಿಣ್ವಗಳು ಕೆಲಸ ಮಾಡಲು ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ ಬೇಕು. ಧಾನ್ಯ, ಬೇಳೆಕಾಳು, ಎಣ್ಣೆಕಾಳು, ಮೊಟ್ಟೆ, ಮೀನಿನಿಂದ ಅವು ಸಿಗುತ್ತವೆ.

*

ಅಮ್ಮನಿಗೆ 71. ಕಣ್ಣಿನ ಮ್ಯಾಕ್ಯುಲಾ ಸವೆಯುತ್ತಿದೆ ಅಂತ ಡಾಕ್ಟರು ಆ್ಯಂಟಿಆಕ್ಸಿಡೆಂಟ್ ಮಾತ್ರೆ ಬರೆದಿದ್ದಾರೆ. ಇಂಥ ಮಾತ್ರೆ ಸುಮ್ನೆ ದುಡ್ಡು ದಂಡ ಅಂತ ನಮ್ಮ ಅಣ್ಣ ಹೇಳುತ್ತಾನೆ. ನಿಲ್ಲಿಸೋಣವಾ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ದಯವಿಟ್ಟು ನಿಲ್ಲಿಸಬೇಡಿ. ಮಾತ್ರೆಯಿಂದ ನಿಜವಾಗಿಯೂ ಪ್ರಯೋಜನ ಕಂಡಿರುವ ಕೆಲವೇ ಸಂದರ್ಭಗಳಲ್ಲಿ ಇದು ಒಂದು. ಮ್ಯಾಕ್ಯುಲಾ ಅಂದರೆ ಓದಲು, ಮುಖ ಗುರುತಿಸಲು ಬೇಕಾದ ರೆಟಿನಾದ ನಡುಭಾಗ. ಅಲ್ಲಿ ಬೆಳಕೂ ಜಾಸ್ತಿ, ಆಮ್ಲಜನಕದ ಬಳಕೆಯೂ ಜಾಸ್ತಿ, ಬೇಗ ಕೆಡುವ ಕೊಬ್ಬೂ ಜಾಸ್ತಿ. ಅದಕ್ಕೇ ದೇಹ ಲುಟೀನ್, ಝಿಯಾಝ್ಯಾಂಥಿನ್ ಎಂಬ ಹಳದಿ ಬಣ್ಣಗಳನ್ನು ಊಟದಿಂದ ಆರಿಸಿ ಅಲ್ಲಿ ಕೂಡಿಡುತ್ತದೆ.

ಮಧ್ಯಮ ಹಂತ ತಲುಪಿದವರಲ್ಲಿ ಬೀಟಾ ಕೆರೋಟಿನ್ ಇದ್ದ ಇಂಥ ಮಿಶ್ರಣ ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಸುಮಾರು 25% ಇಳಿಸಿತು ಅಂತ ಅಮೆರಿಕದ ಪರೀಕ್ಷೆ 2001ರಲ್ಲಿ ತೋರಿಸಿತು. ಮೇಲೆ ಹೇಳಿದ 2013ರದ್ದು ಅದರ ಮುಂದುವರಿಕೆ. ಅದಾದ ಮೇಲೆ ಬೀಟಾ ಕೆರೋಟಿನ್ ತೆಗೆದು 10 ಮಿಲಿಗ್ರಾಂ ಲುಟೀನ್, 2 ಮಿಲಿಗ್ರಾಂ ಝಿಯಾಝ್ಯಾಂಥಿನ್ ಸೇರಿಸಿದರು. ಜೊತೆಗೆ ವಿಟಮಿನ್ ಸಿ, ಇ, ಸತು, ತಾಮ್ರ ಇರುತ್ತವೆ. ಅಮ್ಮನ ಮಾತ್ರೆ ಈ ಹೊಸ ಬಗೆಯದೇ ಅಂತ ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ವಿಟಮಿನ್ ಇ ಜಾಸ್ತಿಯಾದರೆ ರಕ್ತಸ್ರಾವದ ಭಯ ಇದೆ.

ಕಾಯಿಲೆ ಇಲ್ಲದ ನೀವು, ನಿಮ್ಮ ಅಣ್ಣ ಅಮ್ಮನ ಮಾತ್ರೆ ಹಂಚಿಕೊಳ್ಳುವುದು ಬೇಡ. ನಿಮಗೆ ಪಾಲಕ್, ಹೊನಗೊನೆ, ದಂಟು, ಮೆಂತ್ಯ ಸೊಪ್ಪು ಇದೆ. ಅಮ್ಮನಿಗೆ ಒಂದು ಅಭ್ಯಾಸ ಮಾಡಿಸಿ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಲಿ. ನೇರ ಸರಳು ಡೊಂಕಾಗಿ ಕಂಡರೆ ಅಂದೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

*

ಸ್ಕ್ಯಾನಿಂಗ್‌ನಲ್ಲಿ ಲಿವರ್‌ನಲ್ಲಿ ಕೊಬ್ಬು ಇದೆ ಅಂತ ಬಂತು. ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ, ಅದರಲ್ಲಿ ಕಾಳುಮೆಣಸಿನ ಸಾರವೂ ಇದೆ. ಅಡುಗೆಗೆ ಹಾಕುವ ಪದಾರ್ಥವೇ ಅಲ್ವಾ?
— ಶಿಕ್ಷಕ, ಹಾವೇರಿ

ಸರ್, ಪದಾರ್ಥ ಅದೇ, ಪ್ರಮಾಣ ಬೇರೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಆ್ಯಂಟಿಆಕ್ಸಿಡೆಂಟ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಅದರಲ್ಲೂ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಮೆಣಸಿನ ಪೈಪರಿನ್ ಸೇರಿಸಿದರೆ ಏನಾಗುತ್ತದೆ ಅಂತ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲೇ ತೋರಿಸಿದ್ದರು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000% ಏರಿತು. ಈಗಿನ ಕ್ಯಾಪ್ಸೂಲ್‌ಗಳು ಹುಟ್ಟಿದ್ದೇ ಇಂಥ ತಿಳಿವಳಿಕೆಯಿಂದ. ಆದರೆ ಅಷ್ಟೊಂದು ಒಳಹೊಕ್ಕಾಗ ಅದನ್ನು ಸಂಭಾಳಿಸಬೇಕಾದ್ದು ಲಿವರ್. ಇಟಲಿ, ಅಮೆರಿಕಗಳಿಂದ ಅರಿಶಿನದ ಕ್ಯಾಪ್ಸೂಲ್ ತಿಂದು ಲಿವರ್ ಉರಿಯೂತ ಆದವರ ವರದಿಗಳು ಬಂದಿವೆ. ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಮೊದಲೇ ತೊಂದರೆಯಲ್ಲಿರುವ ಲಿವರ್ ಮೇಲೆ ಈ ಪರೀಕ್ಷೆ ಬೇಡ. ನಿಲ್ಲಿಸಿ, ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕಾಯಬೇಡಿ.

ಲಿವರ್‌ನಲ್ಲಿ ಗ್ಲುಟಾಥಯೋನ್ ದಾಸ್ತಾನು ಹೇರಳವಾಗಿ ಇರುತ್ತದೆ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದಾಗ ಈ ದಾಸ್ತಾನು ಖಾಲಿಯಾಗಿಯೇ ಲಿವರ್ ಹಾಳಾಗುವುದು. ಆಗ ಆಸ್ಪತ್ರೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟು ಅದನ್ನು ಮತ್ತೆ ತುಂಬುತ್ತಾರೆ. ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ನಿಮ್ಮದು ಆ ಸಂದರ್ಭ ಅಲ್ಲ. ನಿಮ್ಮ ತೂಕದಲ್ಲಿ 7ರಿಂದ 10% ಇಳಿದರೆ ಲಿವರಿನ ಕೊಬ್ಬು ಚೆನ್ನಾಗಿ ಕರಗುತ್ತದೆ. ರಾತ್ರಿ ಅನ್ನದ ರಾಶಿ ಕಡಿಮೆ ಮಾಡಿ, ಕಾಳಿನ ಪಲ್ಯ ಜಾಸ್ತಿ ಮಾಡಿ. ಮದ್ಯ ಪೂರ್ತಿ ಬೇಡ. ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಬಿಡಬೇಕಾಗಿಲ್ಲ, ಸಕ್ಕರೆ ಬಿಡಿ ಸಾಕು. ವಿಟಮಿನ್ ಇ ದೊಡ್ಡ ಪ್ರಮಾಣದಲ್ಲಿ ಬೇಕಾ ಅನ್ನುವುದನ್ನು ಲಿವರ್ ತಜ್ಞರೇ ತೀರ್ಮಾನಿಸಲಿ.

*

ನಮ್ಮ ತೋಟದಲ್ಲಿ ಬಿಂಬುಳಿ ಧಾರಾಳ. ಕೊಲೆಸ್ಟ್ರಾಲಿಗೆ ಒಳ್ಳೆಯದು, ಆ್ಯಂಟಿಆಕ್ಸಿಡೆಂಟ್ ಇದೆ ಅಂತ ದಿನಾ ಬೆಳಿಗ್ಗೆ ಒಂದು ಲೋಟ ರಸ ಕುಡಿಯಲು ಶುರು ಮಾಡಿದ್ದೇನೆ. ಶುಗರ್ ಇದೆ.
— ಕೃಷಿಕರು, ಪುತ್ತೂರು

ನಾಳೆಯಿಂದ ಬೇಡ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ನನಗೆ ಸಮಾಧಾನ ಇಲ್ಲ. ಬಿಂಬುಳಿಯಲ್ಲಿ ಆಕ್ಸಲೇಟ್ ಎಂಬ, ಹರಳು ಕಟ್ಟುವ ಅಂಶ ವಿಪರೀತ. ಮೀನಿನ ಸಾರಿಗೆ, ಉಪ್ಪಿನಕಾಯಿಗೆ ಒಂದೆರಡು ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ. ಕೇರಳದಲ್ಲಿ ಹೀಗೆ ರಸ ಕುಡಿದವರ ಕಿಡ್ನಿಯಲ್ಲಿ ಆಕ್ಸಲೇಟ್ ಹರಳು ಕಟ್ಟಿ, ಡಯಾಲಿಸಿಸ್ ಮಾಡಬೇಕಾಗಿ ಬಂದದ್ದು ದಾಖಲಾಗಿದೆ. ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಅದರ ಹತ್ತಿರದ ನೆಂಟ ದಾರೆಹುಳಿಯೂ ಕಿಡ್ನಿ ತೊಂದರೆ ಇರುವವರಿಗೆ ಅಪಾಯ. ಶುಗರ್ ಇರುವ ನಿಮಗೆ ಕಿಡ್ನಿ ಮೇಲೆ ಮೊದಲೇ ಹೊರೆ ಇರುತ್ತದೆ. ಈ ವಾರವೇ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ. ರಸ ಕುಡಿದ ವಿಷಯ ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳದೆ ಇರಬಹುದು.

ವಿಟಮಿನ್ ಸಿ ಮಾತ್ರೆ ತಿನ್ನುವವರೂ ಕೇಳಿ. ಹೆಚ್ಚಾದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಮೊದಲೇ ಕಿಡ್ನಿ ಕಲ್ಲು ಆಗಿದ್ದವರಿಗೆ ದಿನಾ 1000 ಮಿಲಿಗ್ರಾಂ ಒಳ್ಳೆಯದಲ್ಲ. ನಮ್ಮ ದೇಶದ ಶಿಫಾರಸು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಮಾತ್ರ.

*

ಮಗ ಜಿಮ್‌ಗೆ ಹೋಗುತ್ತಾನೆ. ವ್ಯಾಯಾಮದ ನಂತರ ವಿಟಮಿನ್ ಸಿ ಮತ್ತು ಇ ನುಂಗುತ್ತಾನೆ. ಸರಿಯಾ?
— ತಾಯಿ, ಮೈಸೂರು

ಬೇಕಾಗಿಲ್ಲ. 2009ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. 1000 ಮಿಲಿಗ್ರಾಂ ಸಿ ಮತ್ತು 400 ಐಯು (ವಿಟಮಿನ್ ಅಳೆಯುವ ಒಂದು ಮಾನ) ಇ ತೆಗೆದುಕೊಂಡವರಿಗೆ ಆ ಲಾಭ ಸಿಗಲಿಲ್ಲ. ವ್ಯಾಯಾಮದಿಂದ ಹುಟ್ಟುವ ಅಲ್ಪ ಫ್ರೀ ರ‍್ಯಾಡಿಕಲ್ಲೇ ದೇಹಕ್ಕೆ ಬಲವಾಗು ಅಂತ ಹೇಳುತ್ತದೆ. ಮೊಟ್ಟೆ, ಬಾಳೆಹಣ್ಣು, ಮೊಳಕೆ ಹೆಸರುಕಾಳು ಕೊಡಿ.

*

ಬ್ಲೂಬೆರಿ ತಿನ್ನಿ ಅನ್ನುತ್ತಾರೆ. ನಮ್ಮಂಥವರ ಕೈಗೆ ಎಟುಕುವುದಿಲ್ಲ. ಬದಲಿಗೆ ಏನು ತಿನ್ನಬೇಕು?
— ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ

ನೀವು ಏನನ್ನೂ ಕಳೆದುಕೊಂಡಿಲ್ಲ. ಬ್ಲೂಬೆರಿಗೆ ಬಣ್ಣ ಕೊಡುವ ಆಂಥೋಸಯಾನಿನ್ ನೇರಳೆಹಣ್ಣಿನಲ್ಲೂ ಇದೆ, ಮಲೆನಾಡಿನ ಮುರುಗಲಿನಲ್ಲೂ ಇದೆ. ವಿಟಮಿನ್ ಸಿ ನೋಡಿದರೆ 100 ಗ್ರಾಂ ಬ್ಲೂಬೆರಿಯಲ್ಲಿ ಸುಮಾರು 10 ಮಿಲಿಗ್ರಾಂ. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ 200 ದಾಟುತ್ತದೆ, ಬೆಟ್ಟದ ನೆಲ್ಲಿಕಾಯಿಯಲ್ಲಿ ಇನ್ನೂ ಜಾಸ್ತಿ. ಯಾವ ಹಣ್ಣಿಗೆ ಎಷ್ಟು ಆ್ಯಂಟಿಆಕ್ಸಿಡೆಂಟ್ ಅಂಕ ಅನ್ನುವ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತೆಗೆದುಹಾಕಿತು. ಪ್ರಯೋಗಾಲಯದ ಕೊಳವೆಯಲ್ಲಿ ಬರುವ ಅಂಕ ಮನುಷ್ಯನ ದೇಹದಲ್ಲಿ ಆಗುವುದನ್ನು ಹೇಳುವುದಿಲ್ಲ. ಹಾಗಾಗಿ ಅಂಕ ನೋಡಿ ದುಬಾರಿ ಹಣ್ಣು ಕೊಳ್ಳಬೇಡಿ.

ನಿಮ್ಮ ಕಡೆಯ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ, ಈರುಳ್ಳಿ, ಶೇಂಗಾ ಚಟ್ನಿಯ ಊಟ ನನಗೆ ಬಹಳ ಇಷ್ಟ. ಅದರ ಪಕ್ಕ ದಿನಕ್ಕೆ ಒಂದು ಸೀಬೆಹಣ್ಣೋ ಪರಂಗಿ ತುಂಡೋ ಇದ್ದರೆ ಸಾಕು. ರಾಗಿಯ ಒಳ್ಳೆಯ ಅಂಶಗಳು ಬಹುಪಾಲು ಸಿಪ್ಪೆಯಲ್ಲೇ ಇರುತ್ತವೆ, ಹಿಟ್ಟನ್ನು ತೀರಾ ನಯವಾಗಿ ಜರಡಿ ಹಿಡಿಯಬೇಡಿ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ವಿಟಮಿನ್ ಸಿ ನೀರಿನ ಜೊತೆ ಹೋಗುತ್ತದೆ. ಬೇಯಿಸಿದ ನೀರನ್ನು ಬಸಿದು ಚೆಲ್ಲಬೇಡಿ, ಸಾರಿಗೆ ಹಾಕಿ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ, ಕೆರೋಟಿನ್ ಮೈಗೆ ಹತ್ತಲು ಕೊಬ್ಬು ಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಅಂಗನವಾಡಿಯ ಮಕ್ಕಳಿಗೆ ಬೇಳೆ ಸೊಪ್ಪು ಬಡಿಸುವಾಗಲೂ ಹೀಗೇ ಮಾಡಿ, ಸೊಪ್ಪಿನ ಕಬ್ಬಿಣಾಂಶವೂ ಅವರಿಗೆ ಚೆನ್ನಾಗಿ ದಕ್ಕುತ್ತದೆ.